ಬೀಳಲ್ಲ, ಕೂರಲ್ಲ, ಏಳಲ್ಲ

ಎರಡನೇ ಗೇರಿನಿಂದ ಮೂರಕ್ಕೆ ಹೋಗುವಾಗ ನಾನು "ಏಳಪ್ಪ" ಅನ್ನುತ್ತೇನೆ. ಬಾಯಿಬಿಟ್ಟೇ ಅನ್ನುತ್ತೇನೆ. ಪಕ್ಕದಲ್ಲಿ ಯಾರೇ ಕೂತಿರಲಿ, ತುಮಕೂರಿನ ನಡು ಟ್ರಾಫಿಕ್ಕಿನಲ್ಲೇ ಇರಲಿ, ಅದು ತಪ್ಪುವುದಿಲ್ಲ. ಹೋದ ವಾರ ಗುಬ್ಬಿಯ ತವರಿನಿಂದ ಬರುವಾಗ ಒಂದು ಕಡೆ ರಸ್ತೆಗೆ ರಾಗಿ ಹರವಿದ್ದರು. ಚಕ್ರದ ಕೆಳಗೆ ರಾಗಿಹುಲ್ಲು ಚರಚರ ಅಂತು, ಆ ಒಣ ಧೂಳಿನ ವಾಸನೆ ಕಿಟಕಿಯಿಂದ ನುಗ್ಗಿ ಮೂಗಿಗೆ ಬಡಿಯಿತು. ವೇಗ ತಗ್ಗಿಸಿ ಎರಡಕ್ಕೆ ಬಂದೆ, ಹುಲ್ಲು ದಾಟಿದೆ, "ಏಳಪ್ಪ" ಅಂದೆ. ಹಿಂದೆ ಕೂತಿದ್ದ ಅಣ್ಣನ ಮಗಳು, "ಅತ್ತೆ, ಯಾರನ್ನ ಏಳಿಸ್ತಾ ಇದೀರ?" ಅಂದಳು. ಹೇಳೋಣ ಅಂದುಕೊಂಡೆ. ಮನೆ ಬರುವವರೆಗೂ ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯಲಿಲ್ಲ.

ಕುಣಿಗಲ್ಲಿನಿಂದ ಶುರು ಮಾಡಬೇಕು. ಕೆಲವು ವರ್ಷಗಳ ಹಿಂದೆ ನನ್ನನ್ನು ಅಮೃತೂರಿನ ಪಿಯು ಕಾಲೇಜಿಗೆ ವರ್ಗ ಮಾಡಿದ್ದರು. ನಾನು ಕನ್ನಡ ಉಪನ್ಯಾಸಕಿ. ನಮ್ಮ ಯಜಮಾನರು ರಂಗಸ್ವಾಮಿಗೆ ಹಿರೇಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ನಿನಗೂ ದೂರ, ನನಗೂ ದೂರ ಎಂದು ಜಗಳ ಆಡಿ ಆಡಿ ಕೊನೆಗೆ ನಡುವೆ ಬೀಳುವ ಕುಣಿಗಲ್ಲಿನಲ್ಲಿ ಬಾಡಿಗೆ ಮನೆ ಮಾಡಿದೆವು. ಅವರು ಬಸ್ಸಿಗೆ ಹೋಗುತ್ತಿದ್ದರು. ನನಗಾಗಿ ದಸರೆಗೆ ಮುಂಚೆ ಒಂದು ಹಳೆಯ ಕಾರು ಬಂತು. ನಲವತ್ತೈದು ದಾಟಿದ ಮೇಲೆ ಡ್ರೈವಿಂಗ್ ಕಲಿತವಳು ನಾನು. ಪಾಠ ಮಾಡುವಾಗ ಇಡೀ ಕಾಲೇಜಿಗೆ ಕೇಳುವಂತೆ ಮಾತಾಡುವ ನಾನು ಸ್ಟೇರಿಂಗ್ ಮುಂದೆ ಕೂತರೆ ಉಸಿರನ್ನೂ ಲೆಕ್ಕ ಹಾಕಿ ಬಿಡುತ್ತಿದ್ದೆ.

ಆಯುಧಪೂಜೆಯನ್ನು ಬಹಳ ಜೋರಾಗಿ ಮಾಡಿದೆವು. ಬಾಳೆಕಂದು, ಚೆಂಡುಹೂವು, ಚಕ್ರಕ್ಕೆ ನಿಂಬೆಹಣ್ಣು, ಸ್ಟೇರಿಂಗಿಗೆ ಮೂರು ಪಟ್ಟೆ ವಿಭೂತಿ. ನಮ್ಮ ಮಾವನವರ ಮನೆಯಲ್ಲಿ ಕಾಯಿ ಒಡೆದ ಮೊದಲ ನೀರನ್ನು ನೇಗಿಲ ಮೇಳಿಗೆ, ಅಂದರೆ ಉಳುವವನ ಕೈ ಹಿಡಿಯುವ ಜಾಗಕ್ಕೆ ಬಿಡುವ ಪದ್ಧತಿ. ಕಾರಿಗೆ ಮೇಳಿ ಯಾವುದು? ಅದರ ಮೇಲೆ ನಮ್ಮಿಬ್ಬರಿಗೂ ಐದು ನಿಮಿಷ ಚರ್ಚೆ ನಡೆಯಿತು. ಕೊನೆಗೆ ಒಂದು ತೀರ್ಮಾನಕ್ಕೆ ಬಂದು, ಆ ಜಾಗಕ್ಕೂ ಪೂಜೆ ಮಾಡಿ, ಹೂವಿಟ್ಟು, ಮೊದಲ ಬಾರಿ ಕಾಲೇಜಿಗೆ ಒಬ್ಬಳೇ ಹೋಗಿ ಬಂದೆ. ಬಂದವಳು ಒಳಗೆ ಹೋಗಿ ಅತ್ತುಬಿಟ್ಟೆ, ಸಂತೋಷಕ್ಕೆ.

ದೀಪಾವಳಿ ಕಳೆದು ಚಳಿ ಬಿತ್ತು ನೋಡಿ, ಕಾಟ ಶುರುವಾಯಿತು. ಬೆಳಗ್ಗೆ ಹೊರಟು, ಒಂದು, ಎರಡು ಸಲೀಸಾಗಿ ಹಾಕುತ್ತಿದ್ದೆ. ಮೂರಕ್ಕೆ ಹೋಗಬೇಕೆಂದರೆ ಗೇರಿನ ಕೋಲು ಜಪ್ಪಯ್ಯ ಅಂದರೂ ಅಲ್ಲಾಡದು. ಕ್ಲಚ್ಚು ಪೂರ್ತಿ ತುಳಿದರೂ ಅಷ್ಟೆ, ದೇವರ ಹೆಸರು ಹೇಳಿದರೂ ಅಷ್ಟೆ. ಎರಡರಲ್ಲೇ ಗೊಂಯ್ ಅಂತ ಅರಚಿಸಿಕೊಂಡು ಅರ್ಧ ದಾರಿ ಹೋಗಬೇಕು. ಪ್ರೈವೇಟ್ ಬಸ್ಸಿನವರು ಹಾರ್ನ್ ಹೊಡೆದು ದಾಟುವರು, ನನ್ನದೇ ವಿದ್ಯಾರ್ಥಿಗಳು ಸ್ಕೂಟಿಯಲ್ಲಿ "ನಮಸ್ತೆ ಮೇಡಂ" ಅಂತ ದಾಟುವರು. ಎಲ್ಲೋ ಅರ್ಧ ದಾರಿಯಲ್ಲಿ ತಾನಾಗೇ ಸರಿಹೋಗುತ್ತಿತ್ತು. ಮಧ್ಯಾಹ್ನ ವಾಪಸ್ ಬರುವಾಗ ಏನೇನೂ ತೊಂದರೆ ಇಲ್ಲ. ಭಾನುವಾರ ಹನ್ನೆರಡು ಗಂಟೆಗೆ ಎದ್ದು ಒಂದು ರೌಂಡು ಹೊಡೆದು ಬರುತ್ತಿದ್ದ ರಂಗಸ್ವಾಮಿ, "ಗಾಡಿ ಬೆಣ್ಣೆ ಇದ್ದಂಗಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಅಂದುಬಿಟ್ಟರು. ಆ ರಾತ್ರಿ ಅವರಿಗೆ ಬರೀ ಅನ್ನ ಸಾರು.

ಗೌಸ್ ಮೇಸ್ತ್ರಿಯ ಹೆಸರು ಹೇಳಿದವರು ನಮ್ಮ ಮನೆ ಓನರ್. "ಕಿವಿ ಕೇಳ್ಸಲ್ಲ ಮೇಡಂ, ಆದ್ರೆ ಗೇರಿನ ವಿಷ್ಯದಲ್ಲಿ ಅವರೇ ಸೈ" ಅಂದರು. ಗ್ಯಾರೇಜು ನಮ್ಮ ಬೀದಿಯ ಕೊನೆಗೇ ಇತ್ತು, ಹಿಂದೆ ಅವರ ಮನೆ. ಒಂದು ಶುಕ್ರವಾರ ಮಧ್ಯಾಹ್ನ ಕಾಲೇಜು ಮುಗಿಸಿಕೊಂಡು ಹೋದೆ. ಅರವತ್ತು ದಾಟಿದ, ಬಿಳಿ ಗಡ್ಡದ ತೆಳ್ಳಗಿನ ಮನುಷ್ಯ. ಚಿಕ್ಕಂದಿನಲ್ಲಿ ಕಿವಿ ಸೋರಿ ಸೋರಿ ಕೇಳಿಸುವುದು ನಿಧಾನವಾಗಿ ಕಡಿಮೆಯಾಗುತ್ತಾ ಬಂದು, ಈಗ ಪೂರ್ತಿ ಹೋಗಿತ್ತಂತೆ. ಮಾತು ಮಾತ್ರ ಸೊಗಸಾಗಿತ್ತು, ಸ್ವಲ್ಪ ಜೋರು ಅಷ್ಟೆ. ಪಕ್ಕದಲ್ಲಿ ಬಿಡಿಭಾಗದ ಅಂಗಡಿ ನೋಡಿಕೊಳ್ಳುತ್ತಿದ್ದ ಅವರ ಮಗಳು ಮುಬೀನಾ, ಮೂವತ್ತೈದರ ಹೆಂಗಸು, ನನ್ನ ಕೈಗೆ ಒಂದು ಸ್ಲೇಟು, ಬಳಪ ಕೊಟ್ಟಳು.

ಮೇಸ್ತ್ರಿ ನನ್ನ ಮುಂದೆ ಮೂರು ಬೆರಳು ಎತ್ತಿ ಹಿಡಿದು ಕೇಳಿದರು. "ಗೇರು ಬೀಳಲ್ವೋ? ಬಿದ್ದದ್ದು ಕೂರಲ್ವೋ? ಕೂತದ್ದು ಏಳಲ್ವೋ? ಮೂರರಾಗೆ ಒಂದು ಬರೀರಿ ಮೇಡಮ್ಮೋರೆ. ಮೂರಕ್ಕೂ ರೋಗ ಬ್ಯಾರೆ ಬ್ಯಾರೆ, ಔಷಧಿ ಬ್ಯಾರೆ ಬ್ಯಾರೆ."

ನಾನು ನಿಂತಲ್ಲೇ ಬೆರಗಾದೆ. ಇಪ್ಪತ್ತು ವರ್ಷ ಕ್ರಿಯಾಪದ ಪಾಠ ಮಾಡಿದ್ದೇನೆ. ಬೀಳು, ಕೂರು, ಏಳು. ಯಾವ ಮಗುವಿಗೂ ಗೊತ್ತಿರುವ ಮೂರು ಮಾತಿನಲ್ಲಿ ಈ ಮನುಷ್ಯ ಇಡೀ ಯಂತ್ರದ ಕಾಯಿಲೆಯನ್ನು ಹಂಚಿಟ್ಟುಬಿಟ್ಟಿದ್ದರು. ಗೇರು ಬೀಳದಿದ್ದರೆ ಸಾಮಾನ್ಯವಾಗಿ ಕ್ಲಚ್ಚಿನ ತಪ್ಪು. ಬಿದ್ದು ಕೂರದೆ ನೆಗೆದು ಆಚೆ ಬಂದರೆ ಡಬ್ಬದ, ಅಂದರೆ ಗೇರ್‌ಬಾಕ್ಸಿನ, ಒಳಗೆ ಸವೆದಿದೆ. ಕೂತದ್ದು ಏಳದಿದ್ದರೆ ಮೊದಲು ಮೇಲೆ ನೋಡಬೇಕು, ಕೋಲಿನ ಬುಡದಲ್ಲಿ. ಇದನ್ನೆಲ್ಲ ಮುಬೀನಾ ಆಮೇಲೆ ಬಿಡಿಸಿ ಹೇಳಿದಳು. ಆಗ ನನಗೆ ಆ ಮಾತಿನ ಚೆಂದವೇ ತಲೆಗೆ ಹತ್ತಿತ್ತು. ಆ ಗುಂಗಿನಲ್ಲೇ ದುಂಡಗೆ ಬರೆದೆ: "ಮೂರನೇ ಗೇರು ಬೀಳಲ್ಲ. ಬೆಳಗ್ಗೆ ಮಾತ್ರ." ಬರೆದು 'ಬೀಳಲ್ಲ' ಅನ್ನುವುದರ ಕೆಳಗೆ ಗೆರೆ ಬೇರೆ ಎಳೆದೆ, ಬೋರ್ಡಿನ ಮೇಲೆ ಎಳೆಯುವ ಹಾಗೆ.

ಅವರು ಇಂಜಿನ್ ಆಫ್ ಮಾಡಿ ಐದೂ ಗೇರು ಹಾಕಿ ನೋಡಿದರು. ಆನ್ ಮಾಡಿ ನೋಡಿದರು. ಎಲ್ಲವೂ ಸಲೀಸು, ಮಧ್ಯಾಹ್ನ ಅಲ್ಲವೇ. ಆಮೇಲೆ ಮರದ ಹಿಡಿಯ ಒಂದು ಉದ್ದನೆ ಸ್ಕ್ರೂಡ್ರೈವರ್ ತೆಗೆದು ಹಿಡಿಯನ್ನು ಅಂಗಿಗೆ ಒರೆಸಿ, ಹಲ್ಲಿನಲ್ಲಿ ಕಚ್ಚಿಕೊಂಡರು. ಬಾನೆಟ್ ಒಳಗೆ ಬಗ್ಗಿ, ಅದರ ಮೊನೆಯನ್ನು ಗೇರ್‌ಬಾಕ್ಸಿಗೆ ಒತ್ತಿ, ಕಣ್ಣು ಮುಚ್ಚಿ ನಿಂತರು. ಇಂಜಿನ್ ಓಡುತ್ತಲೇ ಇತ್ತು. "ಏನ್ ಮಾಡ್ತಿದಾರೆ?" ಅಂತ ಮುಬೀನಾಳನ್ನು ಕೇಳಿದೆ.

"ಕೇಳ್ತಿದಾರೆ" ಅಂದಳು. "ಕಿವಿಯಿಂದ ಹೋಗಲ್ಲ, ಹಲ್ಲಿನಿಂದ ಹೋಗ್ತದಂತೆ. ತಲೆ ಒಳಗೇ ಕೇಳ್ತದಂತೆ."

ಎರಡು ನಿಮಿಷ ಆದ ಮೇಲೆ ಅವರು ಬಾಯಿಂದ ಹಿಡಿ ತೆಗೆದು, "ಡಬ್ಬ ಚೊಕ್ಕವಾಗೈತೆ. ಕ್ಲಚ್ಚೂ ಏನೂ ಅಂತಿಲ್ಲ" ಅಂದರು. ಹಾಗಂದು ಮತ್ತೆ ಸ್ಲೇಟು ನೋಡಿದರು. ಬೆರಳಿಟ್ಟು ಒಂದೊಂದೇ ಅಕ್ಷರ ಓದಿದರು. "ಆದ್ರೂ ಬೀಳಲ್ಲ ಅಂತ ಬರ್ದವ್ರೆ. ಕನ್ನಡ ಮೇಡಮ್ಮೋರು, ಗೆರೆ ಬ್ಯಾರೆ ಎಳ್ದವ್ರೆ. ಕ್ಲಚ್ಚು ಚಳಿಗೆ ಹಿಡೀತಿರ್ಬೇಕು. ಡಬ್ಬ ಇಳಿಸಿ ನೋಡೇಬುಡಾನ."

ಮುಬೀನಾಳ ಮುಖ ಸ್ವಲ್ಪ ಬಾಡಿತು. "ಮೇಡಂ, ನೀವು ಗ್ಯಾರಂಟಿ ಅಲ್ವಾ?" ಅಂತ ಮೆಲ್ಲಗೆ ಕೇಳಿದಳು. "ಕಿವಿ ಹೋದ್ಮೇಲೆ ಜನ ಆಡ್ಕೊಳ್ತಾರೆ, ಕೇಳಿಸ್ದೆ ಅಂದಾಜಲ್ಲಿ ಗಾಡಿ ಬಿಚ್ತಾನೆ ಅಂತ. ಅದಕ್ಕೆ ನಮ್ಮ ಅಬ್ಬಾ ಒಂದು ಹಠ ಹಿಡಿದವ್ರೆ. ಒಂದೇ ಒಂದು ಗಾಡಿ ಸುಮ್ಸುಮ್ನೆ ಬಿಚ್ಚಿದ್ರೂ ಅವತ್ತೇ ಕೆಲಸ ನಿಲ್ಸ್ತೀನಿ ಅಂತ. ಇಲ್ಲೀವರ್ಗೂ ಒಂದೂ ಬಿಚ್ಚಿಲ್ಲ." ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಖಾಲಿ ಮೊಳೆ ಇತ್ತು. ಕೆಲಸ ನಿಲ್ಲಿಸುವ ದಿನ ಪಾನ ನೇತುಹಾಕಲಿಕ್ಕೆ ಅಂತ ಅವರೇ ಹೊಡೆದ ಮೊಳೆ ಅದು. ಪಾನ ಅಂದರೆ ನಮ್ಮ ಸ್ಪ್ಯಾನರ್.

"ಅಯ್ಯೋ, ಗ್ಯಾರಂಟಿನೇ ಕಣಮ್ಮ. ದಿನಾ ನರಳ್ತಿರೋಳು ನಾನಲ್ವಾ?" ಅಂದೆ. ಆ ಮಾತನ್ನು ಈಗ ನೆನೆದರೂ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ಭಾನುವಾರ ಮಧ್ಯಾಹ್ನ ಗಾಡಿ ತರಲು ಹೋದಾಗ ಮೇಸ್ತ್ರಿ ನನ್ನ ಮುಖ ನೋಡಲಿಲ್ಲ. ಕೈ ಒರೆಸಿಕೊಳ್ಳುತ್ತಾ, "ಪ್ಲೇಟು ಚೆನ್ನಾಗೇ ಇತ್ತು. ಒಳಗೆ ಏನೂ ಇರ್ಲಿಲ್ಲ. ಇದ್ದಂಗೇ ಜೋಡಿಸಿದೀನಿ" ಅಂದರು. ದುಡ್ಡು ಕೊಡಲು ಹೋದರೆ ಕೈ ಅಡ್ಡ ಹಿಡಿದರು. ನಾನೋ, ಮಧ್ಯಾಹ್ನದ ಬಿಸಿಲಲ್ಲಿ ಗೇರು ಚೆನ್ನಾಗಿ ಬಿದ್ದದ್ದೇ ಸಾಕು ಅಂತ ಖುಷಿಯಾಗಿ ಮನೆಗೆ ಬಂದೆ. ಏನೋ ಮಾಡಿ ಸರಿ ಮಾಡಿದ್ದಾರೆ, ವಿನಯಕ್ಕೆ ಹಾಗೆ ಹೇಳುತ್ತಾರೆ ಅಂದುಕೊಂಡೆ.

ಸೋಮವಾರ ಬೆಳಗ್ಗೆ ಮಂಜು ಇನ್ನೂ ಕೆರೆಯ ಮೇಲೇ ಇತ್ತು. ಒಂದು, ಎರಡು. ಮೂರು ಇಲ್ಲ! ಬೀದಿಯ ಕೊನೆಗೆ ಬರುವಷ್ಟರಲ್ಲಿ ನನಗೆ ಸಿಟ್ಟು ನೆತ್ತಿಗೇರಿತ್ತು. ಗ್ಯಾರೇಜಿನ ಮುಂದೆ ಕ್ಲಚ್ ತುಳಿದು ನಿಲ್ಲಿಸಿ ಹಾರ್ನ್ ಹೊಡೆದೆ. ಶಟರ್ ಅರ್ಧ ಇಳಿದಿತ್ತು. ಮುಬೀನಾ ಅದರ ಕೆಳಗಿನಿಂದ ಬಗ್ಗಿ ಹೊರಗೆ ಬಂದಳು.

"ಏನಮ್ಮ, ಎರಡು ದಿನ ಇಟ್ಕೊಂಡ್ರಿ, ಇದ್ದಂಗೇ ಇದೆಯಲ್ಲ!"

"ಅಬ್ಬಾ ಪಾನ ನೇತ್ಹಾಕ್ಬುಟ್ರು ಮೇಡಂ" ಅಂದಳು. ಅವಳ ಕಣ್ಣು ಊದಿತ್ತು. "ನೀವು ಗಾಡಿ ತಗೊಂಡ್ ಹೋದ್ಮೇಲೆ ಕೈ ತೊಳ್ಕೊಂಡು ಹೋಗಿ ಮಲಗಿದ್ದು, ಇನ್ನೂ ಎದ್ದಿಲ್ಲ. ಊಟನೂ ಮಾಡಿಲ್ಲ. ರೋಗ ಐತೆ, ಸಿಗ್ಲಿಲ್ಲ, ಕಿವಿ ಹೋದಂಗೆ ನಂಗೆ ಹಲ್ಲೂ ಹೋಯ್ತು ಕಣಮ್ಮ ಅಂದ್ರು."

ನನಗೆ ಪಾಪ ಅನ್ನಿಸಿತು ನಿಜ, ಆದರೆ ಅದರ ಹಿಂದೆಯೇ, ವಯಸ್ಸಾದವರು, ಕೈಲಾಗದಿದ್ದರೆ ಯಾಕೆ ಒಪ್ಪಿಕೊಳ್ಳಬೇಕಿತ್ತು ಅಂತಲೂ ಅನ್ನಿಸಿತು. ಸುಳ್ಳು ಹೇಳುವುದಿಲ್ಲ, ಅನ್ನಿಸಿತು. ಫಸ್ಟ್ ಪೀರಿಯಡ್ ಇದೆ ಅಂತ ಗೊಂಯ್ ಅನ್ನಿಸಿಕೊಂಡು ಹೊರಟುಬಿಟ್ಟೆ.

ಊರು ದಾಟಿ ಒಂದು ನಾಲ್ಕು ಕಿಲೋಮೀಟರ್ ಹೋದರೆ ರಸ್ತೆಯ ಅಗಲಕ್ಕೂ ರಾಗಿ. ತೆನೆ ಸಮೇತ ದಪ್ಪಗೆ ಹರವಿದ್ದಾರೆ, ಬರುವ ಹೋಗುವ ಗಾಡಿಗಳೇ ತುಳಿದು ಒಕ್ಕಣೆ ಮಾಡಿಕೊಡಲಿ ಅಂತ. ಪಕ್ಕದಲ್ಲಿ ಟ್ರ್ಯಾಕ್ಟರಿನ ಮೇಲೆ ನನ್ನ ವಯಸ್ಸಿನ ಒಬ್ಬ ಹೆಂಗಸು, ತಲೆಗೆ ಟವಲ್ ಕಟ್ಟಿಕೊಂಡು ಕೂತಿದ್ದಳು. ಹುಲ್ಲಿನ ನಡುವೆ ನನ್ನ ಕಾರು ಗುಟುರು ಹಾಕಿ ನಿಂತೇಹೋಯಿತು. ನಾನು ಎರಡೂ ಕೈಯಲ್ಲಿ ಗೇರು ಹಿಡಿದು ಜಗ್ಗುತ್ತಿರುವುದನ್ನು ಆಕೆ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಇಳಿದು ಬಂದು, ಎಡಗಡೆ ಬಾಗಿಲು ತೆಗೆದು ಪಕ್ಕದಲ್ಲೇ ಕೂತಳು.

"ಯಾಕವ್ವ, ಎಮ್ಮೆ ಎಳ್ದಂಗೆ ಎಳೀತಿದೀಯಲ್ಲ. ಏನಾಗದೆ?"

"ಮೂರು ಬೀಳ್ತಿಲ್ಲಮ್ಮ."

ಆಕೆ ನನ್ನ ಕೈ ಸರಿಸಿ ಕೋಲನ್ನು ಹಿಡಿದು ಎರಡು ಸಲ ಅಲ್ಲಾಡಿಸಿ ನೋಡಿದಳು. ಹಿಡಿಯ ಮೇಲೆ ಇನ್ನೂ ಆಯುಧಪೂಜೆಯ ಕುಂಕುಮದ ಗುರುತಿತ್ತು. "ಮೂರು ಎಲ್ಲವ್ವ ಬೀಳ್ತದೆ? ಎರಡೇ ಎದ್ದಿಲ್ಲ! ಬಸ್ನಾಗೆ ಕುಂತಿರೋನು ಏಳ್ದೆ ನಿಂತಿರೋನು ಎಲ್ಲಿ ಕುಂತ್ಕತಾನೆ?"

ಮೇಸ್ತ್ರಿಯ ಮೂರು ಬೆರಳು ಕಣ್ಣ ಮುಂದೆ ಬಂದವು. ಬೀಳಲ್ವೋ, ಕೂರಲ್ವೋ, ಏಳಲ್ವೋ. ಆ ಮನುಷ್ಯ ಅಷ್ಟು ಬಿಡಿಸಿ ಕೇಳಿದ್ದರು. ಎರಡನೇ ಗೇರು ಏಳುತ್ತಿಲ್ಲ ಅನ್ನುವುದನ್ನು ನಾನು ಮೂರನೇದು ಬೀಳುತ್ತಿಲ್ಲ ಅಂತ ಬರೆದಿದ್ದೆ. ಬರೆದು ಗೆರೆ ಎಳೆದಿದ್ದೆ! ಅವರ ಹಲ್ಲು ಸರಿಯಾಗಿಯೇ ಹೇಳಿತ್ತು, ಒಳಗೆ ಏನೂ ಇಲ್ಲ ಅಂತ. ಅವರು ತಮ್ಮ ಹಲ್ಲನ್ನು ಬಿಟ್ಟು ನನ್ನ ಅಕ್ಷರವನ್ನು ನಂಬಿದರು. ಓದಿದವಳು ಬರೆದಿದ್ದಾಳೆ ಅಂತ ನಂಬಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಎಷ್ಟು ಸಾರಿ ಮಕ್ಕಳಿಗೆ ವಿಸ್ತರಿಸಿ ಬರೆಯಲು ಕೊಟ್ಟಿದ್ದೆನೋ. ನನ್ನ ಒಂದು ಮಾತಿಗೆ ಒಬ್ಬರ ಜೀವಮಾನದ ಕೆಲಸ ಮೊಳೆಗೆ ಹೋಗಿತ್ತು.

"ಅಮ್ಮ, ಗಾಡಿ ತಿರುಗಿಸ್ಬೇಕು" ಅಂದೆ. ರಿವರ್ಸ್ ಬೀಳಬೇಕಾದರೂ ಎರಡು ಏಳಬೇಕಲ್ಲ. ಆಕೆ ನಕ್ಕು, ಟ್ರ್ಯಾಕ್ಟರ್ ಹಿಂದಕ್ಕೆ ತೆಗೆದು, "ರಾಗಿ ಮ್ಯಾಲೇ ಒಂದು ಸುತ್ತು ಬಾ, ಚೆನ್ನಾಗಿ ತುಳೀತದೆ ಬುಡು" ಅಂದಳು. ಹೊಲಕ್ಕಿಳಿದು ದೊಡ್ಡದಾಗಿ ಒಂದು ಸುತ್ತು ಹಾಕಿ, ಪೂರಾ ನಾಲ್ಕು ಕಿಲೋಮೀಟರನ್ನು ಎರಡನೇ ಗೇರಿನಲ್ಲೇ ವಾಪಸ್ ಬಂದೆ. ಫಸ್ಟ್ ಪೀರಿಯಡ್ ಹಾಳಾಗಿ ಹೋಗಲಿ. ಗಾಡಿ ಬಿಸಿಯಾಗಿ ಗೇರು ತಾನಾಗೇ ಎದ್ದುಬಿಡುತ್ತದೋ ಏನೋ ಅನ್ನುವ ಭಯ ಬೇರೆ. ಆವತ್ತೊಂದು ದಿನ ಮಾತ್ರ, ಏಳಬೇಡಪ್ಪ, ಏಳಬೇಡ ಅಂತ ಬೇಡಿಕೊಂಡೆ.

ಗ್ಯಾರೇಜಿನ ಹಿಂದೆ, ಅಂಗಳದ ಎಳೆಬಿಸಿಲಲ್ಲಿ ಮಂಚ ಹಾಕಿಕೊಂಡು ಮೇಸ್ತ್ರಿ ಮಲಗಿದ್ದರು, ಮುಖದವರೆಗೂ ರಗ್ಗು ಹೊದ್ದು. ಮುಬೀನಾ ಅವರ ಅಂಗೈಯಲ್ಲಿ ಬೆರಳಿನಿಂದ ಏನೋ ಬರೆದಳು. ಅವರು ರಗ್ಗು ಸರಿಸಿ ನನ್ನನ್ನು ನೋಡಿ, ಮತ್ತೆ ಕಣ್ಣು ಮುಚ್ಚಿದರು. "ಬ್ಯಾರೆ ಕಡೆ ತೋರಿಸ್ರಿ ಮೇಡಮ್ಮೋರೆ. ನಂದು ಆಯ್ತು" ಅಂದರು. ಆ ಮಾತಿನಲ್ಲಿ ಒಂದು ಚೂರೂ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಅಳು ಬಂತು.

ಸ್ಲೇಟು ತೆಗೆದುಕೊಂಡೆ. ಹಳೆಯ ಅಕ್ಷರ ಹಾಗೇ ಇತ್ತು, ಗೆರೆ ಸಮೇತ. ಸೆರಗಿನಲ್ಲಿ ಅದನ್ನು ಒರೆಸಿ ಬರೆದೆ: "ತಪ್ಪು ನನ್ನದು. ಮೂರು ಬೀಳಲ್ಲ ಅಲ್ಲ. ಎರಡು ಏಳಲ್ಲ." ಮಂಚದ ಹತ್ತಿರ ಕೂತು ಅವರ ಮುಖಕ್ಕೆ ಹಿಡಿದೆ.

ಅವರು ಒಂದೊಂದೇ ಅಕ್ಷರ ಓದಿದರು. ಕೊನೆಯ ಮಾತಿಗೆ ಬಂದಾಗ ಬೆರಳು ನಿಂತಿತು. "ಏಳಲ್ವಾ?" ಅಂದರು. ತಲೆ ಆಡಿಸಿದೆ. "ಬೀಳ್ತದೆ, ಆದ್ರೆ ಏಳಲ್ಲ? ಚಳಿಯಾಗ್ ಏಳಲ್ಲ, ಬಿಸ್ಲಾಗ್ ಏಳ್ತದೆ?" ಮತ್ತೆ ತಲೆ ಆಡಿಸಿದೆ. ಅವರು ನನ್ನ ಕಡೆ ನೋಡುತ್ತಲೇ ಇರಲಿಲ್ಲ, ನನ್ನ ತಲೆಯ ಆಚೆ ಎಲ್ಲೋ ನೋಡುತ್ತಿದ್ದರು. ರಗ್ಗು ನೆಲಕ್ಕೆ ಬಿತ್ತು. ಚಪ್ಪಲಿ ಮೆಟ್ಟದೆ, ಬರಿಗಾಲಲ್ಲಿ ಕಾರಿನ ಹತ್ತಿರ ಹೋದರು.

ಇಂಜಿನ್ ಆನ್ ಮಾಡಲಿಲ್ಲ. ಕೆಳಗೆ ನುಗ್ಗಲಿಲ್ಲ. ಗೇರಿನ ಕೋಲಿನ ಸುತ್ತ ಇರುತ್ತದಲ್ಲ ಕಪ್ಪು ರೆಕ್ಸಿನ್ನಿನ ಲಂಗ, ಅದನ್ನು ನಾಲ್ಕು ಬೆರಳಿನಲ್ಲಿ ಮೇಲಕ್ಕೆತ್ತಿ ಒಳಗೆ ಇಣುಕಿದರು. ಕಿರುಬೆರಳು ತೂರಿಸಿ, ಕೋಲಿನ ಬುಡದಿಂದ ಏನನ್ನೋ ಕೆರೆದು ತೆಗೆದು ಬಿಸಿಲಿಗೆ ಹಿಡಿದರು. ಕೆಂಪಗೆ, ಗಟ್ಟಿಯಾಗಿ, ಅಂಟು ಅಂಟಾಗಿ ಇತ್ತು. ಮೂಸಿದರು. ನಾಲಿಗೆಯ ತುದಿಗೆ ಮುಟ್ಟಿಸಿದರು.

"ಕಾಯಿನೀರು" ಅಂದರು. "ಕಾಯಿನೀರು, ಕುಂಕುಮ, ಅರಿಶಿನ. ಗೇರಿಗೆ ಅಭಿಷೇಕ ಯಾರು ಮಾಡಿದ್ದು?"

ನೇಗಿಲ ಮೇಳಿ! ಐದು ನಿಮಿಷ ಚರ್ಚೆ ಮಾಡಿ, ಕಾರಿನಲ್ಲಿ ಕೈ ಹಿಡಿಯುವ ಜಾಗ ಗೇರೇ ಅಂತ ತೀರ್ಮಾನ ಕೊಟ್ಟವಳು ನಾನು. ಎರಡೂ ಹೋಳಿನ ನೀರನ್ನು ಅದರ ತಲೆಯ ಮೇಲೆ ಸುರಿದವಳೂ ನಾನೇ. ಸಿಹಿನೀರು ಬುಡಕ್ಕಿಳಿದು, ಕುಂಕುಮದ ಜೊತೆ ಕಲೆತು ಒಣಗಿ, ಚಳಿಗೆ ಕಲ್ಲಿನ ಹಾಗೆ ಹಿಡಿದುಕೊಳ್ಳುತ್ತಿತ್ತು. ಗಾಡಿ ಬಿಸಿಯಾದರೆ ಮೆತ್ತಗಾಗಿ ಬಿಟ್ಟುಕೊಡುತ್ತಿತ್ತು. ಎದೆ ಮುಟ್ಟಿಕೊಂಡು "ನಾನೇ" ಅಂತ ತೋರಿಸಿದೆ. ಬೈಯಲಿ ಅಂತ ಕಾದೆ. ಮುಬೀನಾ ಬಾಯಿಗೆ ದುಪಟ್ಟಾ ಅಡ್ಡ ಹಿಡಿದು ನಗು ತಡೆಯುತ್ತಿದ್ದಳು.

ಮೇಸ್ತ್ರಿ ನಗಲಿಲ್ಲ. ಬಿಸಿನೀರು, ಬಟ್ಟೆ ತರಿಸಿದರು. ಬುಡವನ್ನು ನೆನೆಸಿ ನೆನೆಸಿ ಒರೆಸಿ, ಕೊನೆಗೆ ಒಂದು ಬೆರಳು ಗ್ರೀಸ್ ಹಚ್ಚಿದರು. ಕೆರೆದು ತೆಗೆದ ಕೆಂಪು ಚೂರುಗಳನ್ನು ಮಾತ್ರ ನೆಲಕ್ಕೆ ಹಾಕಲಿಲ್ಲ. ಒಂದು ಕಾಗದದಲ್ಲಿ ಒಟ್ಟು ಮಾಡಿ, ಮಡಿಸಿ ನನ್ನ ಕೈಗೆ ಕೊಟ್ಟರು. "ಪೂಜೆದು. ಕಾಲಡಿಗೆ ಬೀಳಬಾರ್ದು, ಯಾವ್ದಾದ್ರೂ ಗಿಡದ ಬುಡಕ್ಕೆ ಹಾಕ್ರಿ" ಅಂದರು. ಆ ಪೊಟ್ಟಣ ಹಿಡಿದುಕೊಂಡು ನಿಂತಿದ್ದ ನನಗೆ, ಯಾರ ಮುಂದೆ ನಿಂತಿದ್ದೇನೆ ಅನ್ನುವುದು ಆವಾಗ ಪೂರ್ತಿ ಗೊತ್ತಾಯಿತು. ಕೈ ಮುಗಿದುಬಿಟ್ಟೆ.

"ಕೂರ್ರಿ. ಎರಡಕ್ಕೆ ಹಾಕ್ರಿ" ಅಂದರು. ಹಾಕಿದೆ. ಅವರು ಪಕ್ಕದಲ್ಲಿ ಕೂತು, ಗೇರಿನ ಬುಡದ ಹತ್ತಿರ ಅಂಗೈ ಊರಿ ಕಣ್ಣು ಮುಚ್ಚಿದರು. "ಈಗ ಏಳ್ಸಿ." ಕ್ಲಚ್ಚು ತುಳಿದೆ. ಒಂದೇ ಬೆರಳಿಗೆ ಕೋಲು ಎದ್ದು ಬಂತು. ಅವರ ಅಂಗೈಗೆ ಅದು ಗೊತ್ತಾಗಿರಬೇಕು, ಗಡ್ಡದೊಳಗೆ ನಕ್ಕರು.

ಇಳಿದವರು ಸೀದಾ ಗೋಡೆಯ ಹತ್ತಿರ ಹೋಗಿ ಮೊಳೆಯಿಂದ ಪಾನ ತೆಗೆದುಕೊಂಡು ಜೇಬಿಗೆ ಹಾಕಿಕೊಂಡರು. ಮುಬೀನಾ ನಗುತ್ತಿದ್ದವಳು ಗೋಡೆಯ ಕಡೆ ತಿರುಗಿ ಅಳತೊಡಗಿದಳು. ಮೇಸ್ತ್ರಿ ನನ್ನ ಕೈಯಿಂದ ಸ್ಲೇಟು ಕೇಳಿ ತೆಗೆದುಕೊಂಡರು. ಅವರು ಬರೆಯುವುದನ್ನು ಅಲ್ಲಿಯವರೆಗೆ ನಾನು ನೋಡಿಯೇ ಇರಲಿಲ್ಲ. 'ಏಳಲ್ಲ' ಅನ್ನುವುದನ್ನು ಹೆಬ್ಬೆರಳಲ್ಲಿ ಒರೆಸಿ, ಬಳಪ ಒತ್ತಿ ಹಿಡಿದು, ಬಹಳ ಹೊತ್ತು ತೆಗೆದುಕೊಂಡು ಎರಡಕ್ಷರ ಬರೆದರು. ಬರೆದು ನನ್ನ ಕಡೆ ತಿರುಗಿಸಿ, ಗಟ್ಟಿಯಾಗಿ ಓದಿಯೂ ಹೇಳಿದರು.

"ಎದ್ದೆ!"

ದಕಾರಕ್ಕೆ ಒತ್ತು ಕೊಡುವುದನ್ನು ಮರೆತಿದ್ದರು. ಸ್ಲೇಟಿನ ಮೇಲೆ 'ಎದೆ' ಅಂತ ಇತ್ತು. ನಾನು ತಿದ್ದಲಿಲ್ಲ.